ಕಾಲಿನ ಹುಣ್ಣು ಮಾಯುತ್ತಿಲ್ಲವೇ? ಮೊದಲು ರಕ್ತನಾಳ ನೋಡಿಸಿ

ಕಾಲಿನ ಹರಡಿನಿಂದ (ಪಾದದ ಕೀಲಿನಿಂದ) ಸ್ವಲ್ಪ ಮೇಲೆ, ಒಳಮಗ್ಗುಲಲ್ಲಿ ಒಂದು ಹುಣ್ಣು. ಕೆಲವರಿಗೆ ರೂಪಾಯಿ ನಾಣ್ಯದಷ್ಟು, ಕೆಲವರಿಗೆ ಅಂಗೈಯಗಲ. ಸುತ್ತಲಿನ ಚರ್ಮ ಕಪ್ಪಗಾಗಿ, ಗಟ್ಟಿಯಾಗಿ, ತುರಿಸುತ್ತಾ ಇರುತ್ತದೆ. ಸಂಜೆಯ ಹೊತ್ತಿಗೆ ಪಾದ ಊದಿರುತ್ತದೆ. ಹುಣ್ಣಿನಿಂದ ನೀರು ಸೋರಿ ಪ್ಯಾಂಟಿಗೋ ಸೀರೆಯಂಚಿಗೋ ಅಂಟುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ವಾಸನೆ ಗೊತ್ತಾಗುತ್ತದೇನೋ ಎಂಬ ಅಳುಕು ಬೇರೆ. ತಿಂಗಳುಗಟ್ಟಲೆ ಮಾಯುವುದಿಲ್ಲ. ಮಾಯಿತು ಅನ್ನುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಬೆಂಗಳೂರಿನಲ್ಲಿ ನಿಂತು ದುಡಿಯುವವರ ಕಾಲುಗಳನ್ನು ಒಮ್ಮೆ ನೋಡಿ. ಬೆಳಗಿನ ಜಾವ ದರ್ಶಿನಿಯ ದೋಸೆ ಕಾವಲಿ ಮುಂದೆ ನಿಂತವರು ಮಧ್ಯಾಹ್ನದವರೆಗೂ ನಿಂತೇ ಇರುತ್ತಾರೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಇಸ್ತ್ರಿ, ಚೆಕಿಂಗ್ ಮಾಡುವ ಹೆಣ್ಣುಮಕ್ಕಳು, ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರು, ಬಸ್ ಕಂಡಕ್ಟರ್‌ಗಳು, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರು, ಕ್ಷೌರದಂಗಡಿಯವರು ಹೀಗೆ ಪಟ್ಟಿ ಉದ್ದ ಇದೆ. ನಿಲ್ಲುವುದೊಂದೇ ಕಾರಣ ಅಂತ ಹೇಳಲಾಗದು. ಅಪ್ಪ ಅಮ್ಮನಿಗೆ ಉಬ್ಬಿದ ನರ (ವೆರಿಕೋಸ್ ವೇನ್, ಅಂದರೆ ಉಬ್ಬಿದ ರಕ್ತನಾಳ) ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ. ಬಸಿರು, ಬೊಜ್ಜು, ವಯಸ್ಸು, ಹಿಂದೆ ಯಾವಾಗಲೋ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವೆಲ್ಲ ಸೇರಿಕೊಳ್ಳುತ್ತವೆ.

ಇಂಥವರ ದಾರಿ ಬಹುತೇಕ ಒಂದೇ ಥರ. ಮೊದಲು ಅರಿಶಿನ, ಬೇವಿನೆಣ್ಣೆ. ಆಮೇಲೆ ಮೆಡಿಕಲ್ ಶಾಪಿನ ಮುಲಾಮು. ಆಮೇಲೆ ಬಡಾವಣೆಯ ಕ್ಲಿನಿಕ್ಕಿನಲ್ಲಿ ಡ್ರೆಸ್ಸಿಂಗ್, ಆ್ಯಂಟಿಬಯಾಟಿಕ್ ಮಾತ್ರೆ. ಸ್ವಲ್ಪ ಒಣಗುತ್ತದೆ, ಮತ್ತೆ ಸೋರುತ್ತದೆ. ಹೀಗೆ ವರ್ಷಗಳೇ ಕಳೆಯುತ್ತವೆ. ಇಷ್ಟೂ ದಿನ ಎಲ್ಲರೂ ನೋಡುತ್ತಿರುವುದು ಹುಣ್ಣನ್ನು. ಕೆಟ್ಟಿರುವುದು ಮಾತ್ರ ಅದರ ಹಿಂದಿನ ರಕ್ತನಾಳ. ಅದನ್ನು ಸರಿಪಡಿಸಬಹುದು. ಎಷ್ಟೋ ಜನರಿಗೆ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಚಿಕ್ಕ ಚಿಕಿತ್ಸೆ ಸಾಕು. ಹುಣ್ಣು ಒಣಗಲಿ, ಆಮೇಲೆ ನೋಡೋಣ ಅಂತ ಕಾಯುವ ಅಗತ್ಯವೂ ಇಲ್ಲ. ಈ ಮಾತು ಇನ್ನೂ ಜನರಿಗೆ ತಲುಪಿಲ್ಲ ಅನ್ನುವುದೇ ನನ್ನ ಸಂಕಟ.

ರಕ್ತ ಮೇಲೇರುವುದು ಹೇಗೆ

ಹೃದಯ ತಳ್ಳಿದ ರಕ್ತ ಪಾದಕ್ಕೆ ಇಳಿಯುವುದು ಸುಲಭ. ವಾಪಸ್ ಮೇಲಕ್ಕೆ ಹೋಗುವುದು ಕಷ್ಟ. ಆ ಕೆಲಸವನ್ನು ಮೀನಖಂಡದ ಸ್ನಾಯು ಮಾಡುತ್ತದೆ. ನಾವು ಹೆಜ್ಜೆ ಹಾಕಿದಾಗಲೆಲ್ಲ ಆ ಸ್ನಾಯು ಬಿಗಿಯಾಗಿ ಒಳಗಿನ ನಾಳಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸ್ನಾಯು ಸಡಿಲವಾದಾಗ ಆ ರಕ್ತ ಕೆಳಗೆ ಬೀಳಬಾರದಲ್ಲ, ಅದಕ್ಕೆ ನಾಳದೊಳಗೆ ಅಲ್ಲಲ್ಲಿ ತೆಳುವಾದ ಕವಾಟಗಳಿವೆ. ನಮ್ಮ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಪೈಪಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿಸುತ್ತೇವೆ, ಅಲ್ವಾ? ಮೋಟರ್ ನಿಂತ ಕೂಡಲೇ ನೀರು ಕೆಳಗಿಳಿಯದಂತೆ ಅದು ತಡೆಯುತ್ತದೆ. ಕಾಲಿನ ಕವಾಟಗಳ ಕೆಲಸವೂ ಅದೇ.

ಕಾಲಿನಲ್ಲಿ ಇಂಥ ನಾಳಗಳ ಎರಡು ಸಾಲುಗಳಿವೆ. ಸ್ನಾಯುಗಳ ನಡುವೆ ಆಳದಲ್ಲಿ ದೊಡ್ಡ ನಾಳಗಳು. ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ರಕ್ತ ಹೋಗುವುದು ಅವುಗಳಲ್ಲೇ. ಚರ್ಮದ ಕೆಳಗೆ ಇನ್ನೊಂದು ಸಾಲು. ಅದರಲ್ಲಿ ಮುಖ್ಯವಾದ್ದು ಸಫೀನಸ್ ನಾಳ. ಹರಡಿನ ಮುಂದಿನಿಂದ ಹೊರಟು, ಕಾಲಿನ ಒಳಮಗ್ಗುಲಲ್ಲೇ ಏರಿ, ತೊಡೆಸಂದಿನಲ್ಲಿ ಆಳದ ನಾಳಕ್ಕೆ ಸೇರುತ್ತದೆ. ಮೀನಖಂಡದ ಹಿಂದೆ ಇನ್ನೊಂದು ಚಿಕ್ಕ ಸಫೀನಸ್ ನಾಳವಿದೆ, ಅದು ಮೊಣಕಾಲಿನ ಹಿಂದೆ ಸೇರುತ್ತದೆ. ಮೇಲಿನ ಸಾಲಿಗೂ ಆಳದ ಸಾಲಿಗೂ ಸಂಪರ್ಕ ಕೊಡುವ ಅಡ್ಡ ನಾಳಗಳಿವೆ. ಅವುಗಳನ್ನು ಪರ್ಫೊರೇಟರ್ ಅನ್ನುತ್ತಾರೆ. ಈ ಮೂರು ಹೆಸರು ಗೊತ್ತಿದ್ದರೆ ಸ್ಕ್ಯಾನ್ ರಿಪೋರ್ಟ್ ಓದುವುದು ಅಷ್ಟೇನೂ ಕಷ್ಟವಲ್ಲ.

ಸುಮ್ನೆ ನಿಂತಾಗ ಯಾರ ಕಾಲಿನಲ್ಲೇ ಆಗಲಿ, ಹರಡಿನ ಬಳಿ ನಾಳದೊಳಗಿನ ಒತ್ತಡ ಸುಮಾರು 80ರಿಂದ 90 ಇರುತ್ತದೆ, ಬಿಪಿ ಅಳೆಯುವ ಅದೇ ಲೆಕ್ಕದಲ್ಲಿ. ನಡೆಯತೊಡಗಿದರೆ ಆರೋಗ್ಯವಂತರಲ್ಲಿ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಇಳಿಯುವುದಿಲ್ಲ. ಇಡೀ ಕಾಯಿಲೆಯ ಗುಟ್ಟು ಇಷ್ಟೇ. ಹಗಲೆಲ್ಲ ಆ ಒತ್ತಡವನ್ನು ತಡೆದುಕೊಳ್ಳಬೇಕಾಗಿರುವುದು ಹರಡಿನ ಸುತ್ತಲಿನ ಸಣ್ಣ ನಾಳಗಳು. ಅವುಗಳಿಂದ ನೀರು ಹೊರಗೆ ಜಿನುಗುತ್ತದೆ, ಕಾಲು ಊದುತ್ತದೆ. ಕೆಂಪು ರಕ್ತಕಣಗಳೂ ಹೊರಬೀಳುತ್ತವೆ. ಅವು ಒಡೆದಾಗ ಉಳಿಯುವ ಕಬ್ಬಿಣದ ಅಂಶ ಚರ್ಮಕ್ಕೆ ಕಂದು, ಕಪ್ಪು ಬಣ್ಣ ತರುತ್ತದೆ. ಒಳಗೆ ಉರಿಯೂತ ನಡೆಯುತ್ತಲೇ ಇರುತ್ತದೆ. ಚರ್ಮದ ಕೆಳಗಿನ ಮೆತ್ತನೆಯ ಕೊಬ್ಬು ಗಟ್ಟಿಯಾಗುತ್ತದೆ. ತುರಿಕೆ, ಎಸ್ಜಿಮಾ ಶುರುವಾಗುತ್ತದೆ. ಇಷ್ಟಾದ ಮೇಲೆ ಉಗುರು ತಾಗಿದ ಒಂದು ಗೀರು ಸಾಕು, ಅಥವಾ ಸ್ಕೂಟರ್ ಸ್ಟ್ಯಾಂಡ್ ತಗುಲಿದ ಚಿಕ್ಕ ಪೆಟ್ಟು. ಬೇರೆಯವರಿಗೆ ವಾರದಲ್ಲಿ ಮಾಯುವ ಗಾಯ ಇವರಿಗೆ ಹುಣ್ಣಾಗಿ ನಿಲ್ಲುತ್ತದೆ.

ವೈದ್ಯರು ಚೀಟಿಯಲ್ಲಿ ಸಿ2, ಸಿ4, ಸಿ6 ಅಂತ ಬರೆದಿರಬಹುದು. ಇದು ಕಾಯಿಲೆ ಎಷ್ಟು ಮುಂದುವರಿದಿದೆ ಅನ್ನುವ ಗುರುತು. ಸಿ2 ಅಂದರೆ ನಾಳ ಉಬ್ಬಿದೆ. ಸಿ3 ಊತ, ಸಿ4 ಚರ್ಮ ಕೆಟ್ಟಿದೆ. ಸಿ5 ಅಂದರೆ ಹುಣ್ಣಾಗಿ ಮಾಯ್ದಿದೆ, ಸಿ6 ಅಂದರೆ ಈಗ ಹುಣ್ಣಿದೆ. ಚರ್ಮ ಕಪ್ಪಾದ ಸಿ4 ಹಂತದಲ್ಲೇ ಬಂದವರಿಗೆ ಹುಣ್ಣು ಆಗದಂತೆ ತಡೆಯಬಹುದು. ಆದರೆ ನೋವಿಲ್ಲ ಎಂಬ ಕಾರಣಕ್ಕೆ ಆ ಹಂತದಲ್ಲಿ ಯಾರೂ ಬರುವುದಿಲ್ಲ.

ಶುಗರ್ ಹುಣ್ಣು ಬೇರೆ, ಇದು ಬೇರೆ

ಕಾಲಲ್ಲಿ ಹುಣ್ಣು ಅಂದ ಕೂಡಲೇ ನಮ್ಮೂರಲ್ಲಿ ಕೇಳುವ ಮೊದಲ ಪ್ರಶ್ನೆ, 'ಶುಗರ್ ಇದೆಯಾ?' ಕೇಳುವುದು ತಪ್ಪಲ್ಲ. ಆದರೆ ಸಕ್ಕರೆ ಕಾಯಿಲೆಯ ಹುಣ್ಣು ಸಾಮಾನ್ಯವಾಗಿ ಅಂಗಾಲಿನಲ್ಲಿ, ಬೆರಳುಗಳಲ್ಲಿ ಆಗುತ್ತದೆ. ಅಲ್ಲಿ ಸ್ಪರ್ಶವೇ ಕಡಿಮೆಯಾಗಿರುವುದರಿಂದ ನೋವೂ ಗೊತ್ತಾಗದಿರಬಹುದು. ಕಾಲಿಗೆ ರಕ್ತ ತರುವ ಅಪಧಮನಿ ಕಟ್ಟಿಕೊಂಡರೆ ಆಗುವ ಹುಣ್ಣು ಬೆರಳ ತುದಿ, ಹಿಮ್ಮಡಿಗಳಲ್ಲಿ ಕಾಣುತ್ತದೆ. ರಾತ್ರಿ ಮಲಗಿದಾಗ ನೋವು ಜಾಸ್ತಿ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತದೆ. ನಾವು ಮಾತಾಡುತ್ತಿರುವ ಹುಣ್ಣಿನದು ಇದಕ್ಕೆ ತದ್ವಿರುದ್ಧ. ಕಾಲು ಇಳಿಬಿಟ್ಟರೆ ಭಾರ, ಎತ್ತಿಟ್ಟರೆ ಆರಾಮ. ಒಬ್ಬರಿಗೇ ಎರಡು ಕಾರಣಗಳೂ ಇರಬಹುದು. ಶುಗರ್ ಇದೆ ಅಂದ ಮಾತ್ರಕ್ಕೆ ಹುಣ್ಣಿಗೆ ಅದೇ ಕಾರಣ ಅಂತ ತೀರ್ಮಾನಿಸಿ ನಾಳ ನೋಡದೇ ಬಿಡುವುದು ಬಹಳ ಸಲ ಆಗುವ ಎಡವಟ್ಟು.

ಹಾಗಾಗಿ ಎರಡು ಪರೀಕ್ಷೆಗಳು ಬೇಕೇ ಬೇಕು. ಒಂದು, ಹರಡಿನ ಬಳಿಯ ಬಿಪಿಯನ್ನು ತೋಳಿನ ಬಿಪಿಯ ಜೊತೆ ಹೋಲಿಸುವುದು. ಎರಡೂ ಹೆಚ್ಚುಕಡಿಮೆ ಸಮ ಇದ್ದರೆ ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆ ಅಂತ ಅರ್ಥ. ಹರಡಿನ ಅಳತೆ ತೋಳಿನದರ 0.8 ಭಾಗಕ್ಕಿಂತ ಕಡಿಮೆ ಬಂದರೆ ಬಿಗಿ ಕಟ್ಟು ಹಾಕುವ ಮುಂಚೆ ಯೋಚಿಸಬೇಕು. 0.5ಕ್ಕಿಂತ ಕಡಿಮೆ ಇದ್ದರೆ ಕಟ್ಟಲೇಬಾರದು, ಕಟ್ಟಿದರೆ ಕಾಲಿಗೇ ಅಪಾಯ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಅಪಧಮನಿ ಗಡುಸಾಗಿ ಈ ಅಳತೆ ಸುಳ್ಳೇ ಚೆನ್ನಾಗಿ ಕಾಣಬಹುದು. ಅಂಥವರಿಗೆ ಹೆಬ್ಬೆರಳಿನ ಒತ್ತಡವನ್ನೂ ನೋಡುತ್ತಾರೆ.

ಇನ್ನೊಂದು, ಕಲರ್ ಡಾಪ್ಲರ್ ಸ್ಕ್ಯಾನ್. ಹೊಟ್ಟೆಗೆ ಮಾಡುವ ಅಲ್ಟ್ರಾಸೌಂಡ್‌ನ ಬಗೆಯದೇ, ನೋವಿಲ್ಲ, ವಿಕಿರಣವಿಲ್ಲ. ಕವಾಟ ಸೋರುತ್ತಿದೆಯೇ ಅಂತ ನೋಡಬೇಕಾದರೆ ರೋಗಿಯನ್ನು ನಿಲ್ಲಿಸಿ ನೋಡಬೇಕು. ಮಲಗಿಸಿದರೆ ರಕ್ತ ಕೆಳಗೆ ಬೀಳುವುದಾದರೂ ಹೇಗೆ? ನಿಂತಾಗ ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಚರ್ಮದ ಕೆಳಗಿನ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಅಂತ ಲೆಕ್ಕ. ತೊಡೆ, ಮೊಣಕಾಲಿನ ಆಳದ ನಾಳಕ್ಕೆ ಒಂದು ಸೆಕೆಂಡ್. ಅದರ ಜೊತೆಗೆ ಆಳದ ನಾಳದಲ್ಲಿ ಹಳೆಯ ಹೆಪ್ಪು ಇದೆಯೇ, ಹುಣ್ಣಿನ ಅಡಿಯಲ್ಲಿ ಪರ್ಫೊರೇಟರ್ ದಪ್ಪವಾಗಿದೆಯೇ ಅಂತಲೂ ನೋಡಬೇಕು. ಮಲಗಿಸಿಯೇ ಎರಡು ನಿಮಿಷದಲ್ಲಿ ಮುಗಿಸಿ 'ಹೆಪ್ಪು ಇಲ್ಲ, ನಾರ್ಮಲ್' ಅಂತ ಬರೆದ ರಿಪೋರ್ಟ್ ಈ ಕಾಯಿಲೆಗೆ ಸಾಲದು. ಸ್ಕ್ಯಾನ್ ಮಾಡಿಸುವಾಗ ಇಷ್ಟನ್ನು ಧೈರ್ಯವಾಗಿ ಕೇಳಿ.

ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಮೊಣಕಾಲಿನ ಕೆಳಗಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ರಕ್ತನಾಳದ ತಜ್ಞರಿಗೆ ತೋರಿಸಬೇಕು. ಎರಡು ವಾರ! ನಮ್ಮಲ್ಲಿ ಎರಡು ವರ್ಷ ಆದರೂ ಎಷ್ಟೋ ಜನ ಆ ಬಾಗಿಲು ತಟ್ಟಿರುವುದಿಲ್ಲ.

ಕಟ್ಟು ಮಾತ್ರ ಬಿಡುವಂತಿಲ್ಲ

ಆಪರೇಷನ್ ವಿಷಯಕ್ಕೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಈ ಹುಣ್ಣಿಗೆ ಮೊದಲ ಮದ್ದು ಬಿಗಿ ಕಟ್ಟು. ಹರಡಿನ ಬಳಿ ಸುಮಾರು 40ರಷ್ಟು ಒತ್ತಡ ಕೊಟ್ಟು, ಮೇಲೆ ಹೋದಂತೆ ಸಡಿಲವಾಗುವ ಹಾಗೆ, ಕಾಲ್ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಪದರ ಪದರವಾಗಿ ಸುತ್ತುತ್ತಾರೆ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ನಾಲ್ಕು ಪದರದ ಕಟ್ಟು ಇಂದಿಗೂ ಹೆಸರುವಾಸಿ. ಹೊರಗಿನ ಒತ್ತಡ ಒಳಗಿನ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಊತ ಇಳಿಯುತ್ತದೆ, ಹುಣ್ಣು ಮಾಯಲು ಅವಕಾಶ ಸಿಗುತ್ತದೆ.

ಗಾಜ್ ಇಟ್ಟು ಮೇಲೆ ಸಡಿಲವಾಗಿ ಸುತ್ತಿದ ಬಟ್ಟೆಪಟ್ಟಿ ಈ ಕೆಲಸ ಮಾಡುವುದಿಲ್ಲ. ಒಂದು ಕ್ರೇಪ್ ಬ್ಯಾಂಡೇಜ್ ಕೂಡ ಕೆಲವು ಗಂಟೆಗಳಲ್ಲೇ ಜಾರಿ ಸಡಿಲವಾಗುತ್ತದೆ. ಕಟ್ಟು ಹಾಕಲು ಕಲಿತ ನರ್ಸ್ ಕೈಯಲ್ಲೇ ಹಾಕಿಸಬೇಕು. ಏಪ್ರಿಲ್ ಸೆಕೆಯಲ್ಲಿ ಇದನ್ನು ಹಾಕಿಕೊಂಡು ಅಡುಗೆಮನೆಯಲ್ಲಿ ನಿಲ್ಲುವುದು ಹಿಂಸೆ ಅನ್ನುವುದು ನಿಜ. ಬಿಚ್ಚಿ ಎಸೆದವರನ್ನು ಬೈದು ಪ್ರಯೋಜನವಿಲ್ಲ. ನಾಳವನ್ನೇ ಸರಿಪಡಿಸಿದರೆ ಕಟ್ಟಿನ ಕಾಲ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು.

ಹುಣ್ಣಿಗೆ ಹಚ್ಚುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುದ್ಧ ನೀರಿನಲ್ಲಿ ತೊಳೆದು, ಅಂಟಿಕೊಳ್ಳದ ಸರಳ ಡ್ರೆಸ್ಸಿಂಗ್ ಇಟ್ಟರೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೂ ಸುಡುತ್ತವೆ. ನಿಯೋಮೈಸಿನ್ ಇರುವ ಪುಡಿ, ಮುಲಾಮುಗಳಿಂದ ಇಂಥ ಕಾಲಿಗೆ ಅಲರ್ಜಿ ಆಗುವುದು ಸಾಮಾನ್ಯ. ಸುತ್ತ ಕೆಂಪಗಾಗಿ ಹರಡುವುದು, ಜ್ವರ, ನೋವು ಏರುವುದು ಇಂಥ ಸೋಂಕಿನ ಗುರುತು ಇದ್ದರೆ ಮಾತ್ರ ಆ್ಯಂಟಿಬಯಾಟಿಕ್ ಬೇಕು.

ಕತ್ತರಿಯಿಂದ ಲೇಸರ್‌ವರೆಗೆ

ನಾಳವನ್ನು ಸರಿಪಡಿಸುವ ಯೋಚನೆ ಹೊಸದಲ್ಲ. ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1891ರಲ್ಲೇ ಸಫೀನಸ್ ನಾಳವನ್ನು ತೊಡೆಯಲ್ಲಿ ಕಟ್ಟಿಹಾಕುವ ಆಪರೇಷನ್ ಬಗ್ಗೆ ಬರೆದಿದ್ದರು. ಮೇಲಿನಿಂದ ಬೀಳುವ ರಕ್ತವನ್ನು ತಡೆದರೆ ಕೆಳಗಿನ ಒತ್ತಡ ಇಳಿಯುತ್ತದೆ ಅನ್ನುವುದು ಅವರ ತರ್ಕ. ಅದು ಇಂದಿಗೂ ಸರಿ. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದೊಳಗೆ ಉದ್ದನೆಯ ತಂತಿ ಹಾಯಿಸಿ, ಇಡೀ ನಾಳವನ್ನೇ ಎಳೆದು ತೆಗೆಯುವ ವಿಧಾನ ತಂದರು. ಅದೇ ಸ್ಟ್ರಿಪ್ಪಿಂಗ್. ಬಹಳ ದಶಕ ಇದೇ ನಡೆಯಿತು. ನಮ್ಮ ಹಿರಿಯರಲ್ಲಿ 'ನರ ಎಳೆಸಿಕೊಂಡ' ಕಥೆ ಹೇಳುವವರು ಇದನ್ನು ಮಾಡಿಸಿಕೊಂಡವರೇ. ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅರಿವಳಿಕೆ, ತೊಡೆಸಂದಿನಲ್ಲಿ ಗಾಯ, ತೊಡೆಯುದ್ದಕ್ಕೂ ನೀಲಿಗಟ್ಟಿದ ರಕ್ತ, ವಾರಗಟ್ಟಲೆ ರಜೆ.

1938ರಲ್ಲಿ ಬಾಸ್ಟನ್ನಿನ ಲಿಂಟನ್ ಇನ್ನೂ ಒಂದು ಹೆಜ್ಜೆ ಹೋದರು. ಮೊಣಕಾಲಿನ ಕೆಳಗೆ ಉದ್ದಕ್ಕೆ ಕೊಯ್ದು, ಸೋರುವ ಪರ್ಫೊರೇಟರ್‌ಗಳನ್ನು ಒಂದೊಂದಾಗಿ ಕಟ್ಟುವುದು. ಯೋಚನೆ ಚೆನ್ನಾಗಿತ್ತು. ಆದರೆ ಕೊಯ್ಯಬೇಕಾಗಿದ್ದು ಮೊದಲೇ ಕೆಟ್ಟುಹೋದ ಚರ್ಮವನ್ನು. ಆ ಗಾಯವೇ ಮಾಯದೆ ಇನ್ನೊಂದು ಹುಣ್ಣಾಗುತ್ತಿತ್ತು. ಕಾಲಿನ ಹುಣ್ಣಿಗೆ ಆಪರೇಷನ್ ಅಂದರೆ ಹಿಂದೆ ಹೆದರುತ್ತಿದ್ದುದರಲ್ಲಿ ಅರ್ಥವಿತ್ತು.

ಆ ಹೆದರಿಕೆಗೆ ಉತ್ತರ ಸಿಕ್ಕಿದ್ದು ಸುಮಾರು 2000ದ ಈಚೆಗೆ. ನಾಳವನ್ನು ಎಳೆದು ತೆಗೆಯುವ ಬದಲು ಒಳಗಿನಿಂದಲೇ ಬಿಸಿಮಾಡಿ ಮುಚ್ಚುವುದು. ಲೇಸರ್ ಮತ್ತು ರೇಡಿಯೋಫ್ರೀಕ್ವೆನ್ಸಿ ಎಂಬ ಎರಡು ಬಗೆ. ಎರಡರ ಫಲಿತಾಂಶವೂ ಹತ್ತಿರ ಹತ್ತಿರವೇ. ಯಾವುದು ಶ್ರೇಷ್ಠ ಅಂತ ಜಾಹೀರಾತು ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಆ ದಿನ ನಡೆಯುವುದು ಹೀಗೆ. ಮೊದಲು ನಿಲ್ಲಿಸಿ ಅಲ್ಟ್ರಾಸೌಂಡ್ ನೋಡುತ್ತಾ ನಾಳದ ದಾರಿಯನ್ನು ಪೆನ್ನಿನಲ್ಲಿ ಗುರುತು ಮಾಡುತ್ತಾರೆ. ಮಲಗಿಸಿ, ಮೊಣಕಾಲಿನ ಹತ್ತಿರವೋ ಸ್ವಲ್ಪ ಕೆಳಗೋ ಚರ್ಮ ಮರಗಟ್ಟಿಸಿ, ಸೂಜಿಯಿಂದ ನಾಳದೊಳಗೆ ತೆಳುವಾದ ಎಳೆ ಹಾಯಿಸುತ್ತಾರೆ. ಅದು ತೊಡೆಯೊಳಗೆ ಏರಿ, ತೊಡೆಸಂದಿನ ಕೂಡುಜಾಗಕ್ಕೆ ಸುಮಾರು 2 ಸೆಂಟಿಮೀಟರ್ ಮೊದಲೇ ನಿಲ್ಲಬೇಕು. ಅದನ್ನು ಪರದೆಯ ಮೇಲೆ ಅಳೆದು ನೋಡುತ್ತಾರೆ, ಯಾಕೆಂದರೆ ಆಳದ ನಾಳಕ್ಕೆ ಬಿಸಿ ತಾಗಬಾರದು. ಆಮೇಲೆ ನಾಳದ ಸುತ್ತ, ಉದ್ದಕ್ಕೂ, ತಣ್ಣನೆಯ ಸಲೈನ್‌ನಲ್ಲಿ ಬೆರೆಸಿದ ಲಿಗ್ನೊಕೇನ್ ತುಂಬುತ್ತಾರೆ. ಈ ನೀರು ನೋವು ತಡೆಯುತ್ತದೆ, ನಾಳವನ್ನು ಎಳೆಯ ಮೇಲೆ ಒತ್ತಿ ಹಿಡಿಯುತ್ತದೆ, ಸುತ್ತಲಿನ ಚರ್ಮ, ಸ್ಪರ್ಶದ ನರಗಳಿಗೆ ಬಿಸಿ ತಾಗದಂತೆ ಕಾಪಾಡುತ್ತದೆ. ರೋಗಿಗೆ ಕಿರಿಕಿರಿ ಅನ್ನಿಸುವುದು ಈ ಸೂಜಿಗಳೇ. ನಂತರ ಎಳೆಯನ್ನು ಹಿಂದಕ್ಕೆ ಎಳೆಯುತ್ತಾ ಬಿಸಿ ಕೊಡುತ್ತಾರೆ. ರೇಡಿಯೋಫ್ರೀಕ್ವೆನ್ಸಿಯ ಹೆಚ್ಚು ಬಳಕೆಯಲ್ಲಿರುವ ಸಾಧನವೊಂದು 7 ಸೆಂಟಿಮೀಟರ್ ಉದ್ದದ ತುಂಡನ್ನು 120 ಡಿಗ್ರಿಗೆ, 20 ಸೆಕೆಂಡ್ ಕಾಯಿಸುತ್ತದೆ. ನಾಳದ ಗೋಡೆ ಕುಗ್ಗಿ ಅಂಟಿಕೊಳ್ಳುತ್ತದೆ. ಹೊಲಿಗೆ ಇಲ್ಲ. ಕಟ್ಟು ಹಾಕಿ ಸ್ವಲ್ಪ ಹೊತ್ತಿಗೆಲ್ಲ ಎಬ್ಬಿಸಿ ನಡೆಸುತ್ತಾರೆ. ನಡೆಯುವುದು ಚಿಕಿತ್ಸೆಯ ಭಾಗವೇ, ಹೆಪ್ಪುಗಟ್ಟದಂತೆ ತಡೆಯುತ್ತದೆ.

'ನಾಳವನ್ನೇ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ?' ಇದು ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಆ ನಾಳ ರಕ್ತವನ್ನು ಮೇಲಕ್ಕೆ ಒಯ್ಯುವ ಕೆಲಸ ಬಿಟ್ಟು ಕೆಳಕ್ಕೆ ಸುರಿಯುತ್ತಿತ್ತು. ಅದನ್ನು ಮುಚ್ಚಿದರೆ ಆಳದ ನಾಳಗಳ ಹೊರೆ ಇಳಿಯುತ್ತದೆ. ಹೃದಯದ ಬೈಪಾಸ್ ಮಾಡುವಾಗ ಕಾಲಿನಿಂದ ತೆಗೆದುಕೊಳ್ಳುವುದು ಇದೇ ಸಫೀನಸ್ ನಾಳವನ್ನು, ಆ ಕಾಲುಗಳು ಚೆನ್ನಾಗಿಯೇ ನಡೆಯುತ್ತವೆ. ಮುಂದೆ ಬೈಪಾಸಿಗೆ ಬೇಕಾದೀತು ಅಂತ ಉಬ್ಬಿ ಸೋರುವ ನಾಳವನ್ನು ಉಳಿಸಿಕೊಳ್ಳುವುದರಲ್ಲಿ ಲಾಭವಿಲ್ಲ, ಅದು ಬೈಪಾಸಿಗೂ ಒಳ್ಳೆಯ ನಾಳವಲ್ಲ.

ಒಂದು ಎಚ್ಚರಿಕೆ. ಆಳದ ನಾಳ ಹಳೆಯ ಹೆಪ್ಪಿನಿಂದ ಮುಚ್ಚಿಹೋಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಆಗ ಚರ್ಮದ ಕೆಳಗಿನ ನಾಳವೇ ಬದಲಿ ದಾರಿಯಾಗಿ ರಕ್ತ ಹೊರುತ್ತಿರಬಹುದು. ಆಳದ ನಾಳ ತೆರೆದಿದೆ ಎಂಬುದನ್ನು ನೋಡದೆ ಯಾರೂ ಲೇಸರ್ ಎತ್ತಿಕೊಳ್ಳಬಾರದು.

ಸಾಬೀತಾಗಿದ್ದು ಹೇಗೆ

ನಾಳ ಮುಚ್ಚಿದರೆ ಹುಣ್ಣಿಗೆ ನಿಜಕ್ಕೂ ಉಪಯೋಗವೇ? ಇದನ್ನು ಬ್ರಿಟನ್ನಿನಲ್ಲಿ ಎರಡು ದೊಡ್ಡ ಪ್ರಯೋಗಗಳು ಪರೀಕ್ಷಿಸಿವೆ. ಮೊದಲನೆಯದು ಎಸ್ಕಾರ್, 2004ರಲ್ಲಿ ಪ್ರಕಟವಾಯಿತು. ಹುಣ್ಣಿದ್ದ ಅಥವಾ ಈಚೆಗೆ ಮಾಯ್ದಿದ್ದ 500 ಜನ. ಅರ್ಧ ಜನರಿಗೆ ಬಿಗಿ ಕಟ್ಟು ಮಾತ್ರ, ಇನ್ನರ್ಧಕ್ಕೆ ಕಟ್ಟಿನ ಜೊತೆ ಹಳೆಯ ಬಗೆಯ ಆಪರೇಷನ್. 24 ವಾರಕ್ಕೆ ಎರಡೂ ಗುಂಪಿನಲ್ಲಿ ಮಾಯ್ದ ಪ್ರಮಾಣ ಒಂದೇ, ನೂರಕ್ಕೆ 65. ಇಷ್ಟೇ ನೋಡಿದ್ದರೆ ಆಪರೇಷನ್ ದಂಡ ಅನ್ನಿಸಬಹುದಿತ್ತು. ಆದರೆ ಒಂದು ವರ್ಷದಲ್ಲಿ ಹುಣ್ಣು ಮತ್ತೆ ಬಂದದ್ದು ಕಟ್ಟು ಮಾತ್ರ ಹಾಕಿದವರಲ್ಲಿ ನೂರಕ್ಕೆ 28, ಆಪರೇಷನ್ ಆದವರಲ್ಲಿ 12. ನಾಲ್ಕು ವರ್ಷದ ಹೊತ್ತಿಗೆ 56ಕ್ಕೆ ಎದುರಾಗಿ 31. ಮತ್ತೆ ಮತ್ತೆ ಬಾಯಿ ಬಿಡುವುದೇ ಈ ಹುಣ್ಣಿನ ದೊಡ್ಡ ಕಾಟವಾಗಿರುವಾಗ ಈ ಅಂತರ ಸಣ್ಣದಲ್ಲ.

ಎರಡನೆಯದು ಎವ್ರಾ, 2018ರದು. 20 ಕೇಂದ್ರಗಳು, 450 ರೋಗಿಗಳು, ಎಲ್ಲರಿಗೂ ಬಿಗಿ ಕಟ್ಟು. ಒಂದು ಗುಂಪಿಗೆ ಎರಡು ವಾರದೊಳಗೆ ನಾಳ ಮುಚ್ಚುವ ಹೊಸ ಚಿಕಿತ್ಸೆ. ಇನ್ನೊಂದು ಗುಂಪಿಗೆ ಹುಣ್ಣು ಮಾಯ್ದ ಮೇಲೆ, ಅಥವಾ ಆರು ತಿಂಗಳಾದರೂ ಮಾಯದಿದ್ದರೆ. ಬೇಗ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದಲ್ಲಿ ಮಾಯಿತು. ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು. 24 ವಾರಕ್ಕೆ ಮಾಯ್ದವರು ನೂರಕ್ಕೆ 85.6 ಮತ್ತು 76.3. ಮುಂದಿನ ವರ್ಷಗಳಲ್ಲಿ ಹುಣ್ಣು ಮರಳಿ ಬರುವುದೂ ಬೇಗ ಮಾಡಿಸಿದವರಲ್ಲಿ ಕಡಿಮೆ ಇತ್ತು.

ಹಾಗಾದರೆ 'ಹುಣ್ಣು ಒಣಗಿದ ಮೇಲೆ ಬನ್ನಿ' ಅನ್ನುವ ಹಳೆಯ ಮಾತು ಈಗ ಸರಿಯಲ್ಲ. ಸೂಜಿ ಚುಚ್ಚುವುದು ಹುಣ್ಣಿನಿಂದ ದೂರ, ಚೆನ್ನಾಗಿರುವ ಚರ್ಮದಲ್ಲಿ. ತೆರೆದ ಹುಣ್ಣು ಅದಕ್ಕೆ ಅಡ್ಡಿಯೇನಲ್ಲ. ಈ ಪ್ರಯೋಗಕ್ಕೆ ತೆಗೆದುಕೊಂಡಿದ್ದು ಆರು ವಾರದಿಂದ ಆರು ತಿಂಗಳವರೆಗಿನ ಹುಣ್ಣುಗಳನ್ನು ಎಂಬುದನ್ನೂ ಗಮನಿಸಬೇಕು. ಹತ್ತು ವರ್ಷದ ಹುಣ್ಣು ಇಷ್ಟೇ ಬೇಗ ಮಾಯುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಲೇಸರ್ ತಲುಪದ ಜಾಗಗಳು

ಸಫೀನಸ್ ಮುಚ್ಚಿದ ಮೇಲೂ ಹುಣ್ಣಿನ ಅಡಿಯಲ್ಲಿ ಡೊಂಕುಡೊಂಕಾದ ಸಣ್ಣ ನಾಳಗಳು ಉಳಿದಿರುತ್ತವೆ. ನೇರವಾದ ಎಳೆ ಅವುಗಳೊಳಗೆ ಹೋಗದು. ಅಲ್ಲಿಗೆ ನೊರೆ ಮದ್ದು ಕೆಲಸಕ್ಕೆ ಬರುತ್ತದೆ. ಪಾಲಿಡೊಕೆನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಔಷಧಿಯನ್ನು ಎರಡು ಸಿರಿಂಜ್‌ಗಳ ನಡುವೆ ಗಾಳಿಯೊಂದಿಗೆ ಹಿಂದೆ ಮುಂದೆ ತಳ್ಳಿ ನೊರೆ ಮಾಡಿ, ಅಲ್ಟ್ರಾಸೌಂಡ್ ನೋಡುತ್ತಾ ಇಂಜೆಕ್ಷನ್ ಕೊಡುತ್ತಾರೆ. ನಾಳದ ಒಳಪದರ ಕೆರಳಿ ಮುಚ್ಚಿಕೊಳ್ಳುತ್ತದೆ. ಖರ್ಚು ಕಡಿಮೆ, ಆದರೆ ದೊಡ್ಡ ನಾಳ ಮತ್ತೆ ತೆರೆದುಕೊಳ್ಳುವ ಸಾಧ್ಯತೆ ಜಾಸ್ತಿ. ಹುಣ್ಣಿನ ಅಡಿಯಲ್ಲಿ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಾಗಿ ಸೋರುವ ಪರ್ಫೊರೇಟರ್ ಇದ್ದರೆ ಅದನ್ನೂ ಲೇಸರ್ ಅಥವಾ ನೊರೆಯಿಂದ ಮುಚ್ಚುವುದುಂಟು. ನಾಳಕ್ಕೆ ಅಂಟು ಹಾಕಿ ಮುಚ್ಚುವ ವಿಧಾನವೂ ಇದೆ, ದುಬಾರಿ.

ಕೆಲವರಲ್ಲಿ ತೊಂದರೆ ಕಾಲಿನಲ್ಲಿ ಇರುವುದೇ ಇಲ್ಲ, ಹೊಟ್ಟೆಯ ಕೆಳಭಾಗದಲ್ಲಿ ಇರುತ್ತದೆ. ಎಡಗಾಲಿನ ರಕ್ತ ತರುವ ದೊಡ್ಡ ನಾಳದ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಹಾದುಹೋಗುತ್ತದೆ. ಕೆಲವರಲ್ಲಿ ಅದು ನಾಳವನ್ನು ಬೆನ್ನುಮೂಳೆಗೆ ಒತ್ತಿಬಿಡುತ್ತದೆ. ಇದನ್ನು ಮೇ ಮತ್ತು ತರ್ನರ್ ಎಂಬಿಬ್ಬರು 1957ರಲ್ಲಿ ವಿವರಿಸಿದರು. ಇಡೀ ಎಡಗಾಲು ತೊಡೆವರೆಗೂ ಊದುತ್ತಿದ್ದರೆ, ಸಫೀನಸ್ ಮುಚ್ಚಿಯೂ ಹುಣ್ಣು ಮಾಯದಿದ್ದರೆ ಸಿಟಿ ಅಥವಾ ಎಂಆರ್ ಸ್ಕ್ಯಾನ್ ಮಾಡಿ ಅಲ್ಲಿ ನೋಡಬೇಕು. ಅಡಚಣೆ ಇದ್ದರೆ ಸ್ಟೆಂಟ್ ಹಾಕಿ ತೆರೆಯಬಹುದು.

ಅಂಗೈಯಗಲದ ಹುಣ್ಣಿಗೆ ಚರ್ಮ ಕಸಿ ಬೇಕಾಗಬಹುದು. ತೊಡೆಯಿಂದ ತೆಳು ಚರ್ಮ ತೆಗೆದು, ಹುಣ್ಣಿನ ಕೊಳೆತ ಭಾಗ ಕೆರೆದು, ಅಲ್ಲಿ ಕೂರಿಸುತ್ತಾರೆ. ಒತ್ತಡ ಇಳಿಸದೆ ಬರೀ ಕಸಿ ಮಾಡಿದರೆ ಹೊಸ ಚರ್ಮಕ್ಕೂ ಹಳೆಯದರ ಗತಿಯೇ. ಕಸಿ ಮಾಡುತ್ತೇವೆ ಅಂದವರನ್ನು 'ನಾಳಕ್ಕೆ ಏನು ಮಾಡುತ್ತೀರಿ?' ಅಂತ ಕೇಳಿ.

ಬಹಳ ವರ್ಷದ ಹುಣ್ಣಿನ ಅಂಚು ದಪ್ಪಗೆ ಮೇಲೆದ್ದು ಬೆಳೆಯತೊಡಗಿದರೆ, ಮುಟ್ಟಿದರೆ ರಕ್ತ ಬಂದರೆ ತಡಮಾಡದೆ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅಪರೂಪಕ್ಕೆ ಅಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ.

ತೊಂದರೆಗಳು, ಆಮೇಲಿನ ದಿನಗಳು

ಲೇಸರ್ ಚಿಕಿತ್ಸೆಗೆ ಅಪಾಯವೇ ಇಲ್ಲ ಅಂತಲ್ಲ. ನಾಳದ ಉದ್ದಕ್ಕೆ ಎಳೆತ, ನೀಲಿಗಟ್ಟುವುದು ಸಾಮಾನ್ಯ, ಕೆಲವು ವಾರದಲ್ಲಿ ಹೋಗುತ್ತದೆ. ಕಂದು ಕಲೆ ಹೋಗಲು ತಿಂಗಳುಗಳೇ ಬೇಕಾಗಬಹುದು. ಮೊಣಕಾಲಿನ ಕೆಳಗೆ ಸ್ಪರ್ಶದ ನರ ನಾಳಕ್ಕೆ ಅಂಟಿಕೊಂಡೇ ಸಾಗುವುದರಿಂದ ಅಲ್ಲಿ ಜೋಮು ಉಳಿಯಬಹುದು. ಅಪರೂಪಕ್ಕೆ ಹೆಪ್ಪು ಆಳದ ನಾಳಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೇ ಚಿಕಿತ್ಸೆಯ ಕೆಲವು ದಿನಗಳಲ್ಲೇ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋವಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬಸುರಿಯರಿಗೆ ಹೆರಿಗೆಯವರೆಗೆ ಕಾಯುವುದು ರೂಢಿ.

ಹುಣ್ಣು ಮಾಯುವವರೆಗೆ ಕಟ್ಟು ಮುಂದುವರಿಯಬೇಕು. ಮಾಯ್ದ ಮೇಲೆ ಮೊಣಕಾಲುದ್ದದ ಸ್ಟಾಕಿಂಗ್ಸ್. ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆ, ಕಾಲು ಊದುವ ಮೊದಲೇ ಹಾಕಿಕೊಳ್ಳಬೇಕು. ಹುಣ್ಣು ಇದ್ದವರಲ್ಲಿ ಹರಡಿನ ಕೀಲು ಬಿಗಿದುಕೊಂಡಿರುತ್ತದೆ. ಕೀಲು ಆಡದಿದ್ದರೆ ಮೀನಖಂಡ ಹಿಂಡುವುದಾದರೂ ಹೇಗೆ? ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಪಾದ ಮೇಲೆ ಕೆಳಗೆ ಆಡಿಸುವುದನ್ನು ದಿನಾ ಹಲವು ಸಲ ಮಾಡಬೇಕು. ಮಲಗಿದಾಗ ಕಾಲು ಎದೆಗಿಂತ ಮೇಲಿರಲಿ. ಎಲ್ಲ ಸರಿಯಾಗಿ ಮಾಡಿದರೂ ವರ್ಷಗಳ ನಂತರ ಬೇರೆ ನಾಳ ಸೋರತೊಡಗಬಹುದು. ಚರ್ಮ ಮತ್ತೆ ತುರಿಸತೊಡಗಿದರೆ ಹುಣ್ಣಾಗುವವರೆಗೆ ಕಾಯದೆ ಸ್ಕ್ಯಾನ್ ಮಾಡಿಸಿ.

ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ಏನು ಮಾಡಬೇಕು ಎಂಬುದು ಮನೆಮಂದಿಗೆಲ್ಲ ಗೊತ್ತಿರಲಿ. ಕೂಡಲೇ ಮಲಗಿಸಿ, ಕಾಲನ್ನು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಂತಿದ್ದರೆ, ಕುರ್ಚಿಯಲ್ಲಿ ಕೂರಿಸಿದರೆ ರಕ್ತ ನಿಲ್ಲದು. ತೊಡೆಗೆ ಹಗ್ಗ ಬಿಗಿಯುವುದು ಬೇಡ.

ಬೆಂಗಳೂರಿನಲ್ಲಿ ಹೋಗುವುದೆಲ್ಲಿಗೆ

ಕೇಳಬೇಕಾದ್ದು ರಕ್ತನಾಳದ ತಜ್ಞರನ್ನು, ಅಂದರೆ ವಾಸ್ಕ್ಯುಲರ್ ಸರ್ಜನ್‌ರನ್ನು. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗ ಇರುತ್ತದೆ. ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆಂದೇ ಪ್ರತ್ಯೇಕ ಸಂಸ್ಥೆಯಿದೆ. ದುಡ್ಡಿನ ಚಿಂತೆ ಇರುವವರು ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್ ಆಸ್ಪತ್ರೆಗಳ ಸರ್ಜರಿ ಒಪಿಡಿಯಿಂದ ಶುರುಮಾಡಬಹುದು. ಗಾರ್ಮೆಂಟ್ಸ್ ಕೆಲಸದವರ ಸಂಬಳದಿಂದ ಇಎಸ್‌ಐ ಕಡಿತ ಆಗುತ್ತಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಅವರ ಹಕ್ಕಿನ ಜಾಗ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆಯುವ ಕ್ರಮ. ನಿಮಗೆ ಹೇಳಿದ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ನಿಂತು ದುಡಿಸುವ ಮಾಲೀಕರಿಗೂ ಒಂದು ಮಾತು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿಕೊಂಡವು. ಬಿಲ್ಲಿಂಗ್ ಕೌಂಟರ್ ಹಿಂದೆ, ಇಸ್ತ್ರಿ ಟೇಬಲ್ ಪಕ್ಕ ಒಂದು ಸ್ಟೂಲ್ ಹಾಕಲು ಯಾವ ಕಾನೂನಿಗೂ ಕಾಯಬೇಕಿಲ್ಲ. ಗಂಟೆಗೊಮ್ಮೆ ಐದು ನಿಮಿಷ ನಡೆದಾಡಲು ಬಿಡಿ. ಕಾಲಿನ ಹುಣ್ಣು ತೋರಿಸಲು ರಜೆ ಕೇಳಿದವರ ಸಂಬಳ ಹಿಡಿಯಬೇಡಿ.